ಬಚ್ಚಲುಮನೆಯ ಮೂರ್ಛೆ, ಹೊಸೂರು ರಸ್ತೆಯ ವೈದ್ಯರು

1968ರಲ್ಲಿ ‘ನ್ಯೂರಾಲಜಿ ಇಂಡಿಯಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬೆಂಗಳೂರಿನ ನಾಲ್ವರು ವೈದ್ಯರ ಹೆಸರಿನಲ್ಲಿ ಒಂದು ಪುಟ್ಟ ಲೇಖನ ಪ್ರಕಟವಾಯಿತು. ಇದು ಆರಂಭಿಕ ವರದಿ ಮಾತ್ರ ಎಂದು ಬರೆದವರೇ ತಲೆಬರಹದಲ್ಲಿ ಹೇಳಿಕೊಂಡಿದ್ದರು. ವಿಷಯ ಇಷ್ಟೇ: ತಲೆಯ ಮೇಲೆ ಬಿಸಿನೀರು ಹುಯ್ದುಕೊಂಡರೆ ಕೆಲವರಿಗೆ ಫಿಟ್ಸ್ ಬರುತ್ತದೆ, ಬೇರೆ ಹೊತ್ತಿನಲ್ಲಿ ಅವರು ಎಲ್ಲರಂತೆ ಓಡಾಡಿಕೊಂಡು ಇರುತ್ತಾರೆ. ಮೊದಲ ಹೆಸರು ಡಾ. ಕೆ. ಎಸ್. ಮಣಿ ಅವರದು. ಹೊಸೂರು ರಸ್ತೆಯ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ ಮುಂದೆ ನಿಮ್ಹಾನ್ಸ್ ಆದ ಜಾಗದಲ್ಲಿ, ಅವರು ನರರೋಗ ತಜ್ಞರಾಗಿದ್ದರು.

ಇಂಥ ರೋಗಿ ಜಗತ್ತಿಗೆ ಆಗಲೇ ಹೊಸಬನಾಗಿರಲಿಲ್ಲ. 1945ರಲ್ಲಿ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯರು ಬಿಸಿನೀರಿನಿಂದ ಮೂರ್ಛೆ ಹೋಗುವ ರೋಗಿಯ ಬಗ್ಗೆ ಬರೆದಿದ್ದರು. 1965ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲೂ ಅಂಥದೊಂದು ವರದಿ ಬಂದಿತ್ತು. ಆದರೆ ಅಲ್ಲೆಲ್ಲ ಇದು ಒಂಟಿ ರೋಗಿಯ ಕಥೆ. ಹೆಚ್ಚಾಗಿ ಎಳೆಯ ಮಕ್ಕಳು, ತೊಟ್ಟಿಯ ಬಿಸಿನೀರಿಗೆ ಇಳಿಸಿದಾಗ ಮೂರ್ಛೆ ಹೋದವರು. ವೈದ್ಯರು ಆಶ್ಚರ್ಯಪಟ್ಟು, ಬರೆದು, ಮುಂದಿನ ರೋಗಿಯ ಕಡೆ ತಿರುಗಿದ್ದರು. ಬೆಂಗಳೂರಿನಲ್ಲಿ ಹಾಗೆ ತಿರುಗುವುದು ಆಗಲಿಲ್ಲ. ಮುಂದಿನ ರೋಗಿಯೂ ಅದೇ ದೂರು ಹೊತ್ತು ತಂದಿದ್ದ.

ಆ ದೂರು ಇಲ್ಲಿಗೇ ಯಾಕೆ ಬಂತು ಎಂಬುದಕ್ಕೆ ಸಂಸ್ಥೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರು ಪೇಟೆಯ ಕಡೆ ಶುರುವಾದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆದು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೂವತ್ತರ ದಶಕದ ಕೊನೆಯಲ್ಲಿ ಲಕ್ಕಸಂದ್ರದ ಬಯಲಿಗೆ ಬಂತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮುಖ್ಯಸ್ಥರಾದರು. 1954ರಲ್ಲಿ ಅದೇ ಆವರಣದಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ಸಂಸ್ಥೆ ತೆರೆದಾಗ ಮೊದಲ ನಿರ್ದೇಶಕರೂ ಅವರೇ. ಮನಸ್ಸಿನ ಕಾಯಿಲೆಯನ್ನು ಮಿದುಳಿನಿಂದ ಬೇರ್ಪಡಿಸಿ ಕಲಿಸುವುದು ಅರ್ಧ ಪಾಠ ಎಂಬ ತಿಳಿವಳಿಕೆ ಆ ಸಂಸ್ಥೆಗೆ ಮೊದಲಿನಿಂದಲೂ ಇತ್ತು. ಐವತ್ತರ ದಶಕದ ಕೊನೆಗೆ ಡಾ. ಆರ್. ಎಂ. ವರ್ಮ ನರಶಸ್ತ್ರಚಿಕಿತ್ಸೆಗೆ ಬಂದರು. ನರರೋಗ ವಿಭಾಗವೂ ಬೆಳೆಯತೊಡಗಿತು. 1974ರ ಡಿಸೆಂಬರ್ 27ರಂದು ರಾಜ್ಯದ ಮಾನಸಿಕ ಆಸ್ಪತ್ರೆ ಮತ್ತು ಕೇಂದ್ರದ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು.

ಮೂರ್ಛೆರೋಗಿಗಳ ಪಾಲಿಗೆ ಈ ಜೋಡಣೆ ಒಂದು ರೀತಿಯಲ್ಲಿ ತೊಡಕಾಗಿತ್ತು, ಇನ್ನೊಂದು ರೀತಿಯಲ್ಲಿ ಅನುಕೂಲವೂ ಆಯಿತು. ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತೇವೆ ಎಂದರೆ ಇಂದಿಗೂ ಕೆಲವರು ನಗುತ್ತಾರೆ, ಕೆಲವರು ಹೆದರುತ್ತಾರೆ. ಆದರೆ ಫಿಟ್ಸ್ ಬರುವ ಮಗನನ್ನು ದೇವಸ್ಥಾನ, ದರ್ಗಾ, ತಾಯಿತ, ನಾಟಿ ಔಷಧ ಎಲ್ಲ ಮುಗಿಸಿಕೊಂಡು ಕೊನೆಗೆ ಕರೆತರುವ ಜಾಗವೂ ಅದೇ ಆಗಿತ್ತು. ಕೈಗೆ ಬೀಗದ ಕೈ ಹಿಡಿಸುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಡೆದೇ ಇತ್ತು. ಹೀಗಾಗಿ ಹಳೆ ಮೈಸೂರಿನ ಹಳ್ಳಿಗಳಿಂದ, ಕೋಲಾರ, ತುಮಕೂರು, ಮಂಡ್ಯದ ಕಡೆಯಿಂದ, ಗಡಿಯಾಚೆಯ ತಮಿಳು, ತೆಲುಗು ಸೀಮೆಗಳಿಂದ ಬಂದ ಮೂರ್ಛೆರೋಗಿಗಳು ಒಂದೇ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಸಾಲಾಗಿ ಕೂತರು. ಒಬ್ಬ ವೈದ್ಯ ವರ್ಷವಿಡೀ ಒಂದೇ ಬಗೆಯ ರೋಗಿಗಳನ್ನು ನೋಡುತ್ತಿದ್ದರೆ, ಚದುರಿದ್ದಾಗ ಕಾಣದ ಹೋಲಿಕೆ ಅವನಿಗೆ ಕಾಣುತ್ತದೆ.

ಆದರೂ ಕಾಣಲೇಬೇಕೆಂದೇನೂ ಇರಲಿಲ್ಲ. ಆ ಕಾಲದ ನಮ್ಮ ವೈದ್ಯರು ಓದಿದ ಪುಸ್ತಕಗಳು ಲಂಡನ್ನಿನವು. ಅವುಗಳಲ್ಲಿ ಮೂರ್ಛೆರೋಗಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಇತ್ತು; ಸ್ನಾನ ಹೇಗೆ ಮಾಡುತ್ತೀರಿ ಎಂಬುದು ಅದರಲ್ಲಿರಲಿಲ್ಲ. ಇತ್ತ ಮನೆಯವರೂ ತಾವಾಗಿ ಅದನ್ನು ಹೇಳುವವರಲ್ಲ. ಬಚ್ಚಲಲ್ಲಿ ಬಿದ್ದ ಎನ್ನುತ್ತಿದ್ದರು. ಜಾರಿ ಬಿದ್ದ, ತಲೆ ಸುತ್ತಿ ಬಿದ್ದ, ಗಾಳಿ ಸೋಕಿತು ಎನ್ನುತ್ತಿದ್ದರು. ಬಿದ್ದದ್ದು ತಲೆಗೆ ನೀರು ಹುಯ್ದುಕೊಳ್ಳುವಾಗಲೋ, ಆಮೇಲೋ, ಮೈಗೆ ಮಾತ್ರ ನೀರು ಹಾಕಿಕೊಂಡ ದಿನ ಬಿದ್ದದ್ದುಂಟೋ, ತಣ್ಣೀರಾದರೆ ಏನಾಗುತ್ತದೆ? ಹೀಗೆ ಒಂದೊಂದನ್ನೇ ಕೆದಕಿ ಕೇಳುವ ತಾಳ್ಮೆ ಬೇಕಿತ್ತು. ಮಣಿ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ದೊಡ್ಡ ಕೆಲಸ ನನ್ನ ಲೆಕ್ಕದಲ್ಲಿ ಇದೇ. ಮುಂದೆ ಬಂದ ಇಲಿಗಳ ಪ್ರಯೋಗವೂ ವರ್ಣತಂತುಗಳ ಹುಡುಕಾಟವೂ ಈ ಪ್ರಶ್ನೆಯ ಬಾಲ ಹಿಡಿದು ಬಂದವು.

ನಮ್ಮ ಸ್ನಾನದ ಬಗೆಯನ್ನು ಹೊರಗಿನವರ ಕಣ್ಣಿನಿಂದ ಒಮ್ಮೆ ನೋಡಿದರೆ ಅದು ಎಷ್ಟು ವಿಶೇಷವಾದದ್ದು ಎಂದು ತಿಳಿಯುತ್ತದೆ. ಯುರೋಪಿನವರು ತೊಟ್ಟಿಯಲ್ಲಿ ಮುಳುಗುತ್ತಾರೆ, ತಲೆ ಹೊರಗಿರುತ್ತದೆ. ಷವರ್ ಕೆಳಗೆ ನಿಂತವರಿಗೆ ನೀರು ಸಣ್ಣ ಎಳೆಗಳಾಗಿ ಬೀಳುತ್ತದೆ. ನಮ್ಮಲ್ಲಿ ಒಲೆಯ ಮೇಲೆ ಹಂಡೆ. ಬೆಳಗಿನ ಜಾವದಿಂದ ಕಾದ ನೀರು. ಚೊಂಬಿನಲ್ಲಿ ಮೊಗೆದು ನೆತ್ತಿಯ ಮೇಲೆ ಒಂದರ ಹಿಂದೆ ಒಂದು ಹುಯ್ಯುವುದು. ತಲೆಸ್ನಾನ ದಿನವೂ ಇಲ್ಲ. ಗಂಡಸರಿಗೆ ಶನಿವಾರ, ಹೆಂಗಸರಿಗೆ ಮಂಗಳವಾರ ಇಲ್ಲವೇ ಶುಕ್ರವಾರ ಎಂಬ ಪದ್ಧತಿ ಅನೇಕ ಮನೆಗಳಲ್ಲಿತ್ತು. ಅಂದು ಹರಳೆಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ತಿಕ್ಕಿ, ಎಣ್ಣೆಯ ಜಿಡ್ಡು ಹೋಗಬೇಕಾದರೆ ನೀರು ಸುಡುವಷ್ಟು ಬಿಸಿ ಇರಲೇಬೇಕು. ನರಕ ಚತುರ್ದಶಿಯ ಅಭ್ಯಂಜನವಂತೂ ಹೇಳುವುದೇ ಬೇಡ. ನಿಮ್ಹಾನ್ಸ್ ವೈದ್ಯರು ಮುಂದೆ ಲೆಕ್ಕ ಹಾಕಿದಂತೆ, ಮೂರ್ಛೆ ತರಿಸುವ ಈ ನೀರಿನ ಬಿಸಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಮೈಯ ಸಹಜ ಬಿಸಿ 37. ಅಂದರೆ ನೆತ್ತಿಯ ಮೇಲೆ, ಕೆಲವೇ ನಿಮಿಷಗಳಲ್ಲಿ, ಬಿಡುವಿಲ್ಲದೆ, ಜ್ವರಕ್ಕಿಂತ ಬಿಸಿಯಾದ ನೀರು.

ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಹಿತವಾಗುತ್ತದೆ, ಊಟ ಮಾಡಿ ಮಲಗುತ್ತಾರೆ. ಕೆಲವರಿಗೆ ಮಾತ್ರ ಸ್ನಾನದ ಆರಂಭದಲ್ಲೋ ಕೊನೆಯಲ್ಲೋ ಕಣ್ಣು ಒಂದೆಡೆ ನೆಡುತ್ತದೆ. ಕರೆದರೆ ಓಗೊಡುವುದಿಲ್ಲ. ಅರ್ಥವಿಲ್ಲದ ಮಾತು ಬರಬಹುದು, ಕೈ ಏನನ್ನೋ ತಡಕುತ್ತಿರಬಹುದು. ನಿಮ್ಹಾನ್ಸ್ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಮೂರ್ಛೆ ಹೀಗೆ ಮಿದುಳಿನ ಒಂದು ಭಾಗದಲ್ಲಿ ಶುರುವಾಗುವಂಥದು. ಅದು ಅಲ್ಲೇ ನಿಲ್ಲಬಹುದು, ಮೈಯೆಲ್ಲ ಹರಡಲೂಬಹುದು. ಉಳಿದವರು ನೇರವಾಗಿ ಕೈಕಾಲು ಸೆಟೆದು ಬೀಳುತ್ತಾರೆ. ಪಕ್ಕದಲ್ಲೇ ಉರಿಯುವ ಒಲೆ, ಕುದಿಯುವ ಹಂಡೆ, ಕಲ್ಲಿನ ನೆಲ, ಒಳಗಿಂದ ಚಿಲಕ ಹಾಕಿದ ಬಾಗಿಲು. ಕಾಯಿಲೆಗಿಂತ ಅದು ಬರುವ ಜಾಗ ಭಯಂಕರ.

ಒಂದು ನಿರ್ದಿಷ್ಟ ಪ್ರಚೋದನೆಯಿಂದಲೇ ಬರುವ ಮೂರ್ಛೆಗೆ ವೈದ್ಯರು ರಿಫ್ಲೆಕ್ಸ್ ಎಪಿಲೆಪ್ಸಿ ಎನ್ನುತ್ತಾರೆ. ಮಿನುಗುವ ಬೆಳಕಿನದು ಅದರಲ್ಲಿ ಹೆಚ್ಚು ಹೆಸರಾದದ್ದು. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ನೋಡಿ ಆರುನೂರಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದು ಅನೇಕರಿಗೆ ನೆನಪಿರಬಹುದು. ಸಂಗೀತ ಕೇಳಿದರೆ ಬರುವ ಮೂರ್ಛೆಯ ಬಗ್ಗೆ ಲಂಡನ್ನಿನ ಮೆಕ್‌ಡೊನಾಲ್ಡ್ ಕ್ರಿಚ್ಲಿ 1937ರಲ್ಲೇ ಬರೆದಿದ್ದರು. ಊಟ ಮಾಡುವಾಗ ಬರುವುದೂ ಉಂಟು. ಅದನ್ನು ಶ್ರೀಲಂಕಾದ ನಿಮಲ್ ಸೇನಾನಾಯಕೆ ಬಹಳ ಮಂದಿಯಲ್ಲಿ ಗುರುತಿಸಿದರು. ಬೆಳಕು, ನಾದ, ಅನ್ನ ಇವುಗಳ ಸಾಲಿನಲ್ಲಿ ನಮ್ಮ ಪಾಲಿಗೆ ಬಂದದ್ದು ಬಿಸಿನೀರು.

1968ರ ವರದಿಯ ನಂತರ ಮಣಿ ತಂಡ ರೋಗಿಗಳನ್ನು ಎಣಿಸುತ್ತ ಹೋಯಿತು. 1972ರಲ್ಲಿ 60 ಮಂದಿಯ ವಿವರ ಪ್ರಕಟವಾಯಿತು. ಇನ್ನೆರಡು ಮೂರು ವರ್ಷದಲ್ಲಿ ಸಂಖ್ಯೆ 108ಕ್ಕೆ ಏರಿ, ಅದು ಅಮೆರಿಕದ ನರರೋಗ ಸಂಘದ ಮುಂದೆ ಹೋಯಿತು. ಬೇರೆ ದೇಶಗಳಲ್ಲಿ ಒಬ್ಬಿಬ್ಬರ ಕಥೆಯಾಗಿದ್ದದ್ದು ಇಲ್ಲಿ ನೂರು ದಾಟಿದಾಗ, ಇದೊಂದು ಅಪರೂಪದ ಚಮತ್ಕಾರ ಎನ್ನುವ ಮಾತು ನಿಲ್ಲಲೇಬೇಕಾಯಿತು.

ಪರೀಕ್ಷೆ ಮಾತ್ರ ಸುಲಭವಾಗಿರಲಿಲ್ಲ. ಮೂರ್ಛೆಗೆ ಇಇಜಿ ಮುಖ್ಯ. ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಬರೆಸಬೇಕು. ಸುಮ್ಮನಿದ್ದಾಗ ಈ ರೋಗಿಗಳಲ್ಲಿ ಹೆಚ್ಚಿನವರ ಇಇಜಿ ಸರಿಯಾಗಿಯೇ ಇರುತ್ತಿತ್ತು; ನೂರಕ್ಕೆ ಹದಿನೈದು ಇಪ್ಪತ್ತು ಮಂದಿಯಲ್ಲಿ ಮಾತ್ರ ಏರುಪೇರು. ರೋಗ ಹಿಡಿಯಬೇಕಾದರೆ ನೀರು ಹುಯ್ಯುವಾಗಲೇ ದಾಖಲಿಸಬೇಕು. ತಂತಿ ಅಂಟಿಸಿದ ತಲೆಗೇ ಬಿಸಿನೀರು ಹುಯ್ದರೆ ಅಂಟು ಬಿಡುತ್ತದೆ, ಕೈ ಆಡಿದ್ದೂ ತಲೆ ಅಲುಗಿದ್ದೂ ಅಲೆಯಾಗಿ ದಾಖಲಾಗುತ್ತದೆ. ರೋಗಿಗೆ ಬೇಕೆಂದೇ ಮೂರ್ಛೆ ತರಿಸಬೇಕಾದ ಧರ್ಮಸಂಕಟ ಬೇರೆ. ಆದ್ದರಿಂದ ಇಷ್ಟು ದೊಡ್ಡ ರೋಗಿವೃಂದ ಕೈಯಲ್ಲಿದ್ದರೂ ಮೂರ್ಛೆಯ ಕ್ಷಣದ ಶುದ್ಧ ದಾಖಲೆಗಳು ದಶಕಗಳ ಕಾಲ ಬೆರಳೆಣಿಕೆಯಷ್ಟೇ ಉಳಿದವು. ಹೊರರೋಗಿ ವಿಭಾಗದಲ್ಲಿ ಕೂತು ಕೇಳಿ ಬರೆದುಕೊಂಡದ್ದೇ ಈ ಕಾಯಿಲೆಯ ಮುಖ್ಯ ಸಾಕ್ಷ್ಯವಾಯಿತು.

ಹಾಗೆ ಕೇಳಿ ಬರೆದುಕೊಂಡದ್ದರಲ್ಲಿ ಒಂದು ಸಂಗತಿ ಓದಿದವರನ್ನು ಬೆಚ್ಚಿಸುತ್ತದೆ. ರೋಗಿಗಳಲ್ಲಿ ಕೆಲವರು, ಹತ್ತರಲ್ಲಿ ಒಬ್ಬರಷ್ಟು, ನೀರು ಹುಯ್ದುಕೊಳ್ಳುವುದನ್ನು ನಿಲ್ಲಿಸಲಾಗುವುದಿಲ್ಲ ಎಂದರು. ಎರಡು ಚೊಂಬು ಬಿದ್ದ ಮೇಲೆ ಒಂದು ಬಗೆಯ ಸುಖ ಹತ್ತುತ್ತದೆ, ಇನ್ನೂ ಬೇಕು, ಇನ್ನೂ ಬಿಸಿ ಬೇಕು ಅನ್ನಿಸುತ್ತದೆ. ಹುಯ್ಯುತ್ತ ಹುಯ್ಯುತ್ತ ಎಚ್ಚರ ತಪ್ಪುತ್ತದೆ. ಬೀಳುತ್ತೇನೆಂದು ಗೊತ್ತಿದ್ದೂ ಹುಯ್ದುಕೊಳ್ಳುವವರು ಇವರು. ಈ ಹಂಬಲ ಮೂರ್ಛೆಯನ್ನು ಕರೆಯುವ ಚಟವೋ, ಆಗಲೇ ಶುರುವಾಗಿರುವ ಮೂರ್ಛೆಯದೇ ಮೊದಲ ಮೆಟ್ಟಿಲೋ ಎಂದು ವಿದ್ವಾಂಸರು ವಾದಿಸಿದ್ದಾರೆ. ನನಗೆ ಎರಡನೆಯದು ಹೆಚ್ಚು ಒಪ್ಪಿಗೆ, ಏಕೆಂದರೆ ಸುಖ, ಭಯ, ಹಿಂದೆ ಕಂಡದ್ದೆಂಬ ಭಾಸ ಇವೆಲ್ಲ ಮಿದುಳಿನ ಕಪೋಲ ಪಾಲಿಯ (ಟೆಂಪೊರಲ್ ಲೋಬ್) ಮೂರ್ಛೆಗಳ ಮುನ್ಸೂಚನೆಯಾಗಿ ಬರುವುದು ಬಹಳ ಹಿಂದಿನಿಂದ ಗೊತ್ತು. ಮನೆಯವರ ಕಣ್ಣಿಗೆ ಮಾತ್ರ ಅದು ಹುಡುಗನ ಹಟ. ಎಷ್ಟು ಹೇಳಿದರೂ ಕೇಳುವುದಿಲ್ಲ, ಬೇಕೆಂದೇ ಮಾಡುತ್ತಾನೆ ಎಂದು ಬೈಗುಳ ತಿಂದವರು ಎಷ್ಟೋ ಇರಬೇಕು. ಮಾನಸಿಕ ಆಸ್ಪತ್ರೆಯ ಅಂಗಳದಲ್ಲೇ ಬೆಳೆದ ನರರೋಗ ವಿಭಾಗಕ್ಕೆ ಇಂಥ ಮಾತನ್ನು ಚಟ ಎಂದೋ ಹುಚ್ಚು ಎಂದೋ ಬದಿಗೆ ತಳ್ಳದೆ ಕೇಳಿಸಿಕೊಳ್ಳುವ ಅಭ್ಯಾಸ ಇತ್ತು.

ಮಣಿ ಅವರ ಹೆಸರು ಬಿಸಿನೀರಿಗಷ್ಟೇ ಅಂಟಿದ್ದಲ್ಲ. 1970ರಲ್ಲಿ ಹುಟ್ಟಿದ ಭಾರತೀಯ ಎಪಿಲೆಪ್ಸಿ ಸಂಘದ ಸ್ಥಾಪಕರಲ್ಲಿ ಅವರು ಪ್ರಮುಖರು. 1989ರ ಅಂತರರಾಷ್ಟ್ರೀಯ ಎಪಿಲೆಪ್ಸಿ ಸಮ್ಮೇಳನ ದೆಹಲಿಯಲ್ಲಿ ನಡೆದುದರ ಹಿಂದೆಯೂ ಅವರ ಓಡಾಟವಿತ್ತು. ಸಂಘ ಹಿಡಿದ ಒಂದು ಜಗಳ ಕಾನೂನಿನದು. 1955ರ ಹಿಂದೂ ವಿವಾಹ ಕಾಯ್ದೆ, 1976ರ ತಿದ್ದುಪಡಿಯ ನಂತರ, ಪದೇ ಪದೇ ಹುಚ್ಚು ಅಥವಾ ಮೂರ್ಛೆ ಬರುವವರನ್ನು ಮದುವೆಗೆ ಅನರ್ಹರೆಂದು ಒಂದೇ ಉಸಿರಿನಲ್ಲಿ ಹೇಳುತ್ತಿತ್ತು. ಅಂಥ ಮದುವೆಯನ್ನು ನ್ಯಾಯಾಲಯದಲ್ಲಿ ರದ್ದು ಮಾಡಿಸಬಹುದಿತ್ತು. ವಾರಕ್ಕೊಮ್ಮೆ, ಅದೂ ಬಚ್ಚಲಲ್ಲಿ ಮಾತ್ರ, ನೀರು ಬಿಸಿಯಾಗಿದ್ದರೆ ಮಾತ್ರ ಎರಡು ನಿಮಿಷ ಎಚ್ಚರ ತಪ್ಪುವ ಹೆಣ್ಣುಮಗಳ ಮೇಲೂ ಆ ಕತ್ತಿ ತೂಗುತ್ತಿತ್ತು. 1999ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆ ಎರಡರಿಂದಲೂ ಮೂರ್ಛೆಯ ಹೆಸರು ಹೋಯಿತು. ಹೆಣ್ಣು ನೋಡಲು ಬರುವವರ ಮನಸ್ಸಿನಿಂದ ಹೋಗಲಿಲ್ಲ, ಅದು ಬೇರೆ ಮಾತು.

ಎಂಬತ್ತರ ದಶಕದಲ್ಲಿ ಕೆಲಸ ಡಾ. ಪಿ. ಸತೀಶ್ಚಂದ್ರ ಅವರ ಕೈಗೆ ಬಂತು. ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರೂ ಆದ ಅವರು ಈ ಒಂದೇ ಕಾಯಿಲೆಯ ಬೆನ್ನು ಹತ್ತಿ ಮೂರು ದಶಕ ನಡೆದರು. 1988ರಲ್ಲಿ ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ ಬಂದ ಅವರ ಲೇಖನ 279 ರೋಗಿಗಳದ್ದು. ಜೊತೆಗೆ ಬರೆದವರಲ್ಲಿ ನಿಮ್ಹಾನ್ಸ್‌ನ ಸಂಖ್ಯಾಶಾಸ್ತ್ರಜ್ಞ ಕಲಿಯಪೆರುಮಾಳ್ ಇದ್ದರು. ನರರೋಗಗಳನ್ನು ಜನಸಮುದಾಯದಲ್ಲಿ ಎಣಿಸುವ ವಿದ್ಯೆಗೆ ಜಗತ್ತಿನಲ್ಲೇ ಹೆಸರಾದ ಅಮೆರಿಕದ ಬ್ರೂಸ್ ಷೋನ್‌ಬರ್ಗ್ ಇದ್ದರು. ಮೊದಲು ಚಿತ್ರ ಮಸುಕಾಗಿದ್ದದ್ದು ಈಗ ತಿಳಿಯಾಯಿತು. ಕಾಯಿಲೆ ಶುರುವಾಗುವುದು ಸರಾಸರಿ ಹದಿಮೂರು ವರ್ಷದ ಸುಮಾರಿಗೆ. ಹತ್ತರಲ್ಲಿ ಏಳು ಮಂದಿ ಗಂಡು. ಮನೆತನದಲ್ಲಿ ಇನ್ನೊಬ್ಬರಿಗೂ ಇರುವುದು ಬೇರೆ ಬೇರೆ ಅಧ್ಯಯನಗಳಲ್ಲಿ ನೂರಕ್ಕೆ 7ರಿಂದ 22. ಎಳವೆಯಲ್ಲಿ ಜ್ವರ ಏರಿದಾಗ ಫಿಟ್ಸ್ ಬಂದಿದ್ದವರೂ ಇವರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ವರ್ಷಗಳು ಕಳೆದಂತೆ ಒಂದಷ್ಟು ಮಂದಿಗೆ, ಲೆಕ್ಕದ ಪ್ರಕಾರ ನೂರಕ್ಕೆ 16ರಿಂದ 38 ಜನಕ್ಕೆ, ಸ್ನಾನವಿಲ್ಲದೆಯೂ ಫಿಟ್ಸ್ ಬರತೊಡಗುತ್ತಿತ್ತು. ಬಚ್ಚಲಲ್ಲಿ ಹುಟ್ಟಿದ ಕಾಯಿಲೆ ಬಚ್ಚಲು ದಾಟಿ ಹೊರಗೆ ಬರುತ್ತಿತ್ತು.

ಆಸ್ಪತ್ರೆಗೆ ಬಂದವರನ್ನು ಎಣಿಸಿದರೆ ಊರಿನ ಕಾಯಿಲೆ ಗೊತ್ತಾಗುವುದಿಲ್ಲ, ಬಾರದವರೇ ಹೆಚ್ಚು. ಹಾಗಾಗಿ ಮನೆಮನೆಗೆ ಹೋಗಬೇಕಾಯಿತು. ಮಣಿ, ಸಂಸ್ಥೆಯ ಹೊರಗೆ ನಿಂತೇ, ಡಾ. ಎಚ್. ವಿ. ಶ್ರೀನಿವಾಸ್ ಮುಂತಾದವರ ಜೊತೆ ಯಳಂದೂರು ತಾಲೂಕನ್ನು ಆರಿಸಿಕೊಂಡರು. ಬಿಳಿಗಿರಿರಂಗನ ಬೆಟ್ಟದ ಬುಡದ ಈ ಸಣ್ಣ ತಾಲೂಕು ಆಗ ಮೈಸೂರು ಜಿಲ್ಲೆಗೆ ಸೇರಿತ್ತು. ಫೀನೋಬಾರ್ಬಿಟಾಲ್, ಫಿನಿಟೋಯಿನ್‌ನಂಥ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದು ಎಂದು ಐದು ವರ್ಷ ಬೆನ್ನು ಬಿಡದೆ ತೋರಿಸಿದ ಅವರ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಬಿಸಿನೀರಿನ ಮೂರ್ಛೆ ಯಳಂದೂರಿನಲ್ಲಿ ಲಕ್ಷಕ್ಕೆ 255 ಮಂದಿಯಲ್ಲಿ ಸಿಕ್ಕಿತು. ಇತ್ತ ನಿಮ್ಹಾನ್ಸ್‌ನ ಡಾ. ಎಂ. ಗೌರೀದೇವಿ, ಡಾ. ಜಿ. ಗುರುರಾಜ್, ಸತೀಶ್ಚಂದ್ರ ಮೊದಲಾದವರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ 1,02,557 ಜನರ ಸಮೀಕ್ಷೆ ನಡೆಸಿದರು. ಎಲ್ಲ ಬಗೆಯ ಮೂರ್ಛೆ ಸೇರಿ ಸಾವಿರಕ್ಕೆ 8.8, ನಗರದಲ್ಲಿ 5.7, ಹಳ್ಳಿಯಲ್ಲಿ 11.9. ಬಿಸಿನೀರಿನದು ಲಕ್ಷಕ್ಕೆ 60, ಒಟ್ಟು ಮೂರ್ಛೆಯಲ್ಲಿ ನೂರಕ್ಕೆ ಸುಮಾರು 7 ಪಾಲು. ಯಳಂದೂರಿಗೂ ಬೆಂಗಳೂರಿಗೂ ನಾಲ್ಕು ಪಟ್ಟು ಅಂತರ. ಕೇಳುವವರು, ಕೇಳುವ ರೀತಿ, ಊರು ಮೂರೂ ಬೇರೆ ಆದಾಗ ಅಂಕಿ ಹೀಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಕಡಿಮೆ ಅಂಕಿಯನ್ನೇ ಹಿಡಿದರೂ ಬೇರೆ ದೇಶಗಳ ವೈದ್ಯರು ಕಣ್ಣರಳಿಸುವಷ್ಟು ಅದು ದೊಡ್ಡದು.

ಆಮೇಲಿನದು ಇಲಿಗಳ ಸರದಿ. ಬಿಸಿನೀರಿನ ಮೂರ್ಛೆಯನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಲು ಸಾಧ್ಯವಾದರೆ ಕಾರಣ ಹುಡುಕಬಹುದು. ತೊಂಬತ್ತರ ದಶಕದಲ್ಲಿ ಗೀತಾಂಜಲಿ ಉಳ್ಳಾಲ್, ಸತೀಶ್ಚಂದ್ರ ಮತ್ತು ನ್ಯೂರೋಪೆಥಾಲಜಿಸ್ಟ್ ಡಾ. ಎಸ್. ಕೆ. ಶಂಕರ್ ಇಲಿಗಳ ತಲೆಯ ಮೇಲೆ ಬಿಸಿನೀರು ಚಿಮ್ಮಿಸಿ ನೋಡಿದರು.   ಇಲಿಯ ಮೈಬಿಸಿ 41 ಡಿಗ್ರಿಯ ಆಸುಪಾಸು ದಾಟಿದಾಗ ಅದಕ್ಕೆ ಸೆಳೆತ ಬಂತು. ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಇದ್ದದ್ದು ಅದನ್ನೇ ಮತ್ತೆ ಮತ್ತೆ ಮಾಡಿದಾಗ. ಸಲಸಲಕ್ಕೂ ಸೆಳೆತ ದೀರ್ಘವಾಯಿತು, ಕಡಿಮೆ ಬಿಸಿಗೇ ಬರತೊಡಗಿತು.

ಇದಕ್ಕೆ ಹಿನ್ನೆಲೆ ಇದೆ. ಮಿದುಳಿಗೆ ಸಣ್ಣ ವಿದ್ಯುತ್ ಪ್ರಚೋದನೆಯನ್ನು ದಿನವೂ ಕೊಡುತ್ತ ಹೋದರೆ, ಮೊದಲು ಏನೂ ಮಾಡದ ಅದೇ ಪ್ರಚೋದನೆ ಕೆಲದಿನಗಳ ಮೇಲೆ ಮೂರ್ಛೆ ತರುತ್ತದೆ ಎಂದು ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಗ್ರಹಾಂ ಗೊಡಾರ್ಡ್ ಅರವತ್ತರ ದಶಕದ ಕೊನೆಯಲ್ಲಿ ತೋರಿಸಿದ್ದರು. ಪುಳ್ಳೆ ಒಟ್ಟಿ ಊದುತ್ತ ಕೂತರೆ ಒಂದು ಹೊತ್ತಿನಲ್ಲಿ ಸೌದೆಯೇ ಹತ್ತಿಕೊಳ್ಳುವ ಹಾಗೆ. ಬೆಂಗಳೂರಿನವರು ವಿದ್ಯುತ್ತಿನ ಬದಲು ಬಿಸಿಯಿಂದ ಅದನ್ನು ಮಾಡಿ ತೋರಿಸಿದರು. ವಾರಕ್ಕೊಮ್ಮೆ ಬಚ್ಚಲಲ್ಲಿ ಬೀಳುತ್ತಿದ್ದವನು ಐದಾರು ವರ್ಷದ ಮೇಲೆ ಹೊಲದಲ್ಲೂ ಬೀಳುವುದೇಕೆ ಎಂಬುದಕ್ಕೆ ಇದು ಒಂದು ಉತ್ತರ ಕೊಟ್ಟಿತು. ಇಲ್ಲಿಂದ ಚಿಕಿತ್ಸೆಯ ಅರ್ಥವೂ ಬದಲಾಯಿತು. ಪ್ರತಿ ತಲೆಸ್ನಾನದ ಮೂರ್ಛೆಯನ್ನು ತಡೆಯುವುದೆಂದರೆ ಆ ಹೊತ್ತಿನ ಅಪಾಯ ತಪ್ಪಿಸುವುದಷ್ಟೇ ಆಗಿರಲಿಲ್ಲ. ನಾಳೆಯ, ನೀರಿಲ್ಲದ ಮೂರ್ಛೆಯನ್ನೂ ತಡೆಯುವ ಅವಕಾಶ ಅದರಲ್ಲಿತ್ತು. ಸ್ನಾನದಲ್ಲಿ ತಾನೇ, ದೊಡ್ಡವನಾದ ಮೇಲೆ ಹೋಗುತ್ತೆ ಎನ್ನುವ ಮನೆಯವರಿಗೆ ಹೇಳಲು ವೈದ್ಯರ ಬಳಿ ಈಗ ಒಂದು ಕಾರಣ ಇತ್ತು.

ಹಾಗಾದರೆ ಬಿಸಿನೀರು ಹುಯ್ದುಕೊಳ್ಳುವ ಎಲ್ಲರಿಗೂ ಯಾಕೆ ಬರುವುದಿಲ್ಲ? ಮೈಬಿಸಿಯನ್ನು ಹದದಲ್ಲಿಡುವ ವ್ಯವಸ್ಥೆ ಈ ಜನರಲ್ಲಿ ಸ್ವಲ್ಪ ಬೇರೆ, ಮಿದುಳಿನ ಬಿಸಿ ದಿಢೀರನೆ ಏರುವುದಕ್ಕೆ ಇವರು ಅತಿ ಸೂಕ್ಷ್ಮರು, ಅದು ಹುಟ್ಟಿನಿಂದಲೇ ಬಂದ ಗುಣ ಎಂಬುದು ಸತೀಶ್ಚಂದ್ರ ತಂಡದ ಊಹೆ. ಹೊಸ ಶತಮಾನದ ಆರಂಭದಲ್ಲಿ ಮೂರ್ಛೆಯ ಸಮಯದಲ್ಲಿ, ಮಿದುಳಿನ ರಕ್ತಸಂಚಾರ ತೋರಿಸುವ ಸ್ಪೆಕ್ಟ್ ಸ್ಕ್ಯಾನ್ ತೆಗೆದಾಗ ಕಪೋಲ ಪಾಲಿಯ ಒಳಭಾಗದ ಜೊತೆಗೆ ಹೈಪೋಥಾಲಮಸ್ ಕೂಡ ಬೆಳಗಿತು. ಮೈಯ ಬಿಸಿಯನ್ನು ಆಳುವುದು ಅದೇ ಹೈಪೋಥಾಲಮಸ್. ಊಹೆಗೆ ಬಲ ಬಂತು.

ಹುಟ್ಟುಗುಣದ ಹುಡುಕಾಟಕ್ಕೆ ನಗರದ ಇನ್ನೊಂದು ತುದಿಯ ಜಕ್ಕೂರು ಬೇಕಾಯಿತು. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಮತ್ತು ಅವರ ವಿದ್ಯಾರ್ಥಿಗಳು, ತಲೆಮಾರಿನಿಂದ ತಲೆಮಾರಿಗೆ ಈ ಕಾಯಿಲೆ ಹರಿದುಬಂದಿರುವ ಕುಟುಂಬಗಳ ರಕ್ತದ ಮಾದರಿಗಳನ್ನು ನಿಮ್ಹಾನ್ಸ್ ಜೊತೆ ಸೇರಿ ಪರೀಕ್ಷಿಸಿದರು. 2009ರಲ್ಲಿ ಒಂದು ಕುಟುಂಬದ ದೋಷ ಹತ್ತನೆಯ ವರ್ಣತಂತುವಿನ ಮೇಲೂ, ಇನ್ನೊಂದರದು ನಾಲ್ಕನೆಯದರ ಮೇಲೂ ಇರುವುದಾಗಿ ಬರೆದರು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನ್‌ನ ಅಪರೂಪದ ಮಾರ್ಪಾಡುಗಳನ್ನು ಕೆಲವು ರೋಗಿಗಳಲ್ಲಿ ಕಂಡರು. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹೀರಿಕೊಳ್ಳುವ ವಾಹಕವನ್ನು ತಯಾರಿಸುವುದು ಈ ಜೀನ್. ಒಂದೇ ಕಾಯಿಲೆ, ಹಲವು ಬಾಗಿಲು. ಎಲ್ಲ ಮನೆತನಗಳಿಗೂ ಹೊಂದುವ ಒಂದು ಜೀನ್ ಸಿಗಲಿಲ್ಲ. ನಮ್ಮ ಪತ್ರಿಕೆಗಳು ಜೀನ್ ಸಿಕ್ಕಿತು ಎಂದರೆ ಮದ್ದು ಸಿಕ್ಕಿತು ಎಂಬಂತೆ ಬರೆಯುವುದುಂಟು. ಬಿಸಿನೀರಿನ ಮೂರ್ಛೆಯ ಮಟ್ಟಿಗೆ ಆ ಜೀನ್‌ಗಳಿಂದ ಹೊಸ ಮಾತ್ರೆಯೇನೂ ಬಂದಿಲ್ಲ.

ಈ ನಡುವೆ ಇದು ನಮ್ಮೊಬ್ಬರ ಕಾಯಿಲೆ ಅಲ್ಲ ಎಂಬುದೂ ಗೊತ್ತಾಯಿತು. 2001ರಲ್ಲಿ ಟರ್ಕಿಯ ವೈದ್ಯರು 21 ರೋಗಿಗಳ ವಿವರ ಪ್ರಕಟಿಸಿದರು. ಅಲ್ಲಿಯೂ ಸ್ನಾನ ಎಂದರೆ ಬಟ್ಟಲಿನಿಂದ ತಲೆಗೆ ಬಿಸಿನೀರು ಹುಯ್ದುಕೊಳ್ಳುವುದೇ. ನಾಲ್ಕೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಎರಡು ನಾಡಿನ ರೋಗಿಗಳು ಒಂದೇ ಬಗೆಯಲ್ಲಿ ಬೀಳುತ್ತಿದ್ದರು.

ಚಿಕಿತ್ಸೆಗೆ ಬಂದರೆ, ಐವತ್ತು ವರ್ಷದ ಈ ಕಥೆಯಲ್ಲಿ ಅದರಷ್ಟು ಸರಳವಾದದ್ದು ಇನ್ನೊಂದಿಲ್ಲ. ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳಿ. ತಲೆಗೆ ಒಂದೇ ಸಮನೆ ಹುಯ್ಯಬೇಡಿ. ಬಚ್ಚಲಿಗೆ ಒಳಗಿಂದ ಚಿಲಕ ಹಾಕಬೇಡಿ, ಹೊರಗೆ ಯಾರಾದರೂ ಇರಲಿ. ಬಹಳ ಮಂದಿಗೆ ಇಷ್ಟೇ ಸಾಕಾಗುತ್ತದೆ. ಆದರೆ ಎಣ್ಣೆಸ್ನಾನದ ದಿನ ಉಗುರುಬೆಚ್ಚಗಿನ ನೀರು ಎಂದರೆ ಮನೆಯ ಹಿರಿಯರು ಒಪ್ಪಬೇಕಲ್ಲ. ಶೀತ ಆಗುತ್ತದೆ, ಜಿಡ್ಡು ಹೋಗುವುದಿಲ್ಲ ಎಂಬ ಮಾತು ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಣ್ಣೀರು ಹುಯ್ದುಕೊಳ್ಳಿ ಎನ್ನುವ ಧೈರ್ಯ ಯಾವ ವೈದ್ಯನಿಗೂ ಇರಲಾರದು. ನೀರು ತಣಿಸಿದರೂ ಬಿಡದವರಿಗೆ, ತಣಿಸಲು ಒಲ್ಲದವರಿಗೆ ನಿಮ್ಹಾನ್ಸ್ ವೈದ್ಯರು ಇನ್ನೊಂದು ದಾರಿ ಹುಡುಕಿದರು. ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆ, 5ರಿಂದ 10 ಮಿಲಿಗ್ರಾಂ, ಆ ದಿನ ಮಾತ್ರ. ವರ್ಷವಿಡೀ ದಿನಕ್ಕೆರಡು ಮಾತ್ರೆ ನುಂಗುವ ಬದಲು ವಾರಕ್ಕೊಂದು. ಮಾತ್ರೆಗಿಂತ ಅದರ ಹೊತ್ತಿನ ಲೆಕ್ಕ ಇಲ್ಲಿ ಜಾಣತನದ್ದು, ಮತ್ತು ಅದು ತಲೆಸ್ನಾನದ ವಾರದ ಲಯ ಗೊತ್ತಿದ್ದವರಿಗೆ ಮಾತ್ರ ಹೊಳೆಯುವಂಥದು. ಎಷ್ಟು, ಯಾವಾಗ ಎಂಬುದನ್ನು ರೋಗಿಯನ್ನು ನೋಡಿಯೇ ವೈದ್ಯರು ತೀರ್ಮಾನಿಸುತ್ತಾರೆ.

ಸ್ನಾನವಿಲ್ಲದೆಯೂ ಫಿಟ್ಸ್ ಬರುವವರ ಕಥೆ ಬೇರೆ. ಅವರಿಗೆ ಕಾರ್ಬಮಜೆಪಿನ್‌ನಂಥ ಮಾತ್ರೆ ದಿನವೂ ಬೇಕು, ವರ್ಷಗಟ್ಟಲೆ ಬೇಕು. ಯಾರು ಈ ಗುಂಪಿಗೆ ಜಾರುತ್ತಾರೆ ಎಂದು ಮೊದಲೇ ಗುರುತಿಸುವ ಪರೀಕ್ಷೆ ಇನ್ನೂ ಬಂದಿಲ್ಲ. ಆದ್ದರಿಂದ ಬಿಸಿನೀರಿನ ಮೂರ್ಛೆಯವರನ್ನು ಒಮ್ಮೆ ಸಲಹೆ ಕೊಟ್ಟು ಕಳಿಸಿದರೆ ಮುಗಿಯುವುದಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಬರಹೇಳಿ, ಬಚ್ಚಲ ಹೊರಗೆ ಎಂದಾದರೂ ಎಚ್ಚರ ತಪ್ಪಿತ್ತೇ ಎಂದು ಕೇಳಬೇಕಾಗುತ್ತದೆ.